ಅತ್ತೆಯ ಲ್ಯಾಪ್‌ಟಾಪು, ಮಾವನ ಮಂಡಿ

ನಮ್ಮ ಅತ್ತೆ ಮಾತಿಗೆ ತಪ್ಪುವವರಲ್ಲ. ಇದು ಹೊಗಳಿಕೆಯಲ್ಲ, ದೂರು. ಮಾತಿಗೆ ತಪ್ಪುವವರ ಜೊತೆ ಹೇಗೋ ಬದುಕಿಬಿಡಬಹುದು. ಸಿಟ್ಟಿನಲ್ಲಿ ಆಡಿದ ಮಾತನ್ನೂ ಉಳಿಸಿಕೊಳ್ಳುವವರ ಜೊತೆ ಕಷ್ಟ. ಯಾವತ್ತೋ ಒಮ್ಮೆ, ಇನ್ನು ಈ ಮನೆಯ ಸಕ್ಕರೆ ಮುಟ್ಟುವುದಿಲ್ಲ ಎಂದು ಮಾವನ ಮೇಲೆ ರೇಗಿದವರು ಇವತ್ತಿಗೂ ಮುಖ ಸಿಂಡರಿಸಿಕೊಂಡು ಕಹಿ ಕಾಫಿಯನ್ನೇ ಕುಡಿಯುತ್ತಾರೆ. ಆ ಜಗಳ ಯಾತಕ್ಕೆ ಆಯಿತೆಂದು ಇಬ್ಬರಿಗೂ ನೆನಪಿಲ್ಲ.

ಅಂಥ ಅತ್ತೆ ಒಂದು ದಿನ ಊಟದ ಮೇಜಿನಲ್ಲಿ, ಎಲ್ಲರ ಎದುರಿಗೇ, ನನ್ನ ಮೈದುನನಿಗೆ ಹೇಳಿಬಿಟ್ಟರು: "ಆ ಲ್ಯಾಪ್‌ಟಾಪ್ ಸತ್ತ ದಿನ ಅಂಗಡಿ ಮುಚ್ತೀನಿ. ಆಯ್ತಾ? ಈಗ ಬಾಯ್ಮುಚ್ಚಿ ಊಟ ಮಾಡು."

ಮೈದುನ ಬಾಯಿ ಮುಚ್ಚಿಕೊಂಡ. ಆದರೆ ಅವನ ಮುಖ ಅರಳಿದ್ದನ್ನು ನಾನು ನೋಡಿದೆ.

ಅಂಗಡಿ ಎಂದರೆ ಭಾರಿ ಏನಲ್ಲ. ಮನೆಯ ಮುಂದೆ ಕಾರು ನಿಲ್ಲಿಸಲೆಂದು ಕಟ್ಟಿದ ಶೆಡ್ಡು. ಕಟ್ಟಿದ ಕಾಲಕ್ಕೆ ಮನೆಯಲ್ಲಿ ಕಾರಿರಲಿಲ್ಲ, ಅತ್ತೆಗೆ ಸುಮ್ಮನೆ ಕೂತು ಅಭ್ಯಾಸವಿರಲಿಲ್ಲ. ಹಾಗಾಗಿ ಅಲ್ಲಿ ಒಂದು ಎಂಬ್ರಾಯ್ಡರಿ ಮಷೀನು ಬಂದು ಕೂತಿತು. ಕಾರಿಗೆಂದಿಟ್ಟ ಬಾಗಿಲೂ ಸಾಲದೆ, ಅದನ್ನು ಒಡೆದು ಒಳಗೆ ತಂದದ್ದಂತೆ, ಅಷ್ಟು ಅಗಲ. ಅತ್ತೆ ಅದನ್ನು ಹಿರಿಯಕ್ಕ ಎಂದು ಕರೆಯುತ್ತಾರೆ. ಶಾಲೆಯ ಬ್ಯಾಡ್ಜು, ಹೋಟೆಲಿನ ಟವೆಲ್ಲು, ಆಸ್ಪತ್ರೆಯವರ ಕೋಟಿನ ಜೇಬು, ಯಾವುದು ಕೊಟ್ಟರೂ ಅದರ ಮೇಲೆ ಹೆಸರು, ಚಿಹ್ನೆ, ಹೂವು ಹೊಲಿದು ಕೊಡುತ್ತದೆ. ಏನು ಹೊಲಿಯಬೇಕೆಂದು ಅದಕ್ಕೆ ಹೇಳುವುದು ಮಾತ್ರ ಪಕ್ಕದಲ್ಲಿರುವ ಲ್ಯಾಪ್‌ಟಾಪು.

ಆ ಲ್ಯಾಪ್‌ಟಾಪಿನ ವಯಸ್ಸು ಕೇಳಬಾರದು. ಅದರ ಮುಚ್ಚಳ ನಿಲ್ಲಲೆಂದು ಹಿಂದೆ ಒಂದು ಇಟ್ಟಿಗೆಯಿಟ್ಟು, ಆ ಇಟ್ಟಿಗೆಗೂ ಅತ್ತೆ ಕಸೂತಿಯ ಕವರು ಹೊಲಿದು ಹಾಕಿದ್ದರು. ಹಿರಿಯಕ್ಕನ ಜೊತೆ ಮಾತಾಡುವ ಪ್ರೋಗ್ರಾಮು ಹಳೇ ಕಾಲದ ಆಪರೇಟಿಂಗ್ ಸಿಸ್ಟಮಿನಲ್ಲಿ ಮಾತ್ರ ಓಡುತ್ತದೆ. ಅದನ್ನು ಮಾಡಿದ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಯಿತು. ಹಾಗಾಗಿ ಜಗತ್ತು ಎಷ್ಟೇ ಮುಂದೆ ಓಡಲಿ, ಅತ್ತೆಯ ಪರದೆಯ ಮೇಲೆ ಮಾತ್ರ ಅದೇ ಹಸಿರು ಗುಡ್ಡ, ಅದೇ ನೀಲಿ ಆಕಾಶ. ಅದಕ್ಕೆ ಇಂಟರ್‌ನೆಟ್ ಗಾಳಿ ಸೋಕಲೂ ಅತ್ತೆ ಬಿಟ್ಟವರಲ್ಲ.

ಮೈದುನನಿಗೆ ಅಂಗಡಿಯ ಮೇಲೆ ಯಾಕೆ ಕಣ್ಣೆಂದರೆ, ಅವನು ಕಾರು ಕೊಂಡಿದ್ದ. ಬಿಳಿ ಕಾರು. ನಿಲ್ಲಿಸಲು ಜಾಗವಿಲ್ಲದೆ ಬೀದಿಯ ಮರದ ಕೆಳಗೆ ನಿಲ್ಲಿಸುತ್ತಿದ್ದ. ಇಡೀ ಬೀದಿಯ ಹಕ್ಕಿಗಳಿಗೆಲ್ಲ ಆ ಮರವೇ ಬೇಕು, ಅಲ್ಲಿ ಕೂತಾಗಲೇ ಹೊಟ್ಟೆ ಕೆಡಬೇಕು. ದಿನಾ ಬೆಳಿಗ್ಗೆ ಬಕೆಟ್ಟು ಹಿಡಿದು ಕಾರು ತೊಳೆಯುತ್ತ, ಕಾರಿಗಾಗಿ ಕಟ್ಟಿದ ಜಾಗದಲ್ಲಿ ಕಾರೊಂದನ್ನು ಬಿಟ್ಟು ಎಲ್ಲವೂ ಇದೆ ಎಂದು ಗೊಣಗುತ್ತಿದ್ದ. ಅಮ್ಮನಿಗೂ ವಯಸ್ಸಾಯಿತು, ವಿಶ್ರಾಂತಿ ಬೇಡವೇ ಎಂಬ ರಾಗವನ್ನೂ ಸೇರಿಸಿದ. ಆ ರಾಗ ಕೇಳಿ ಕೇಳಿಯೇ ಅತ್ತೆ ಊಟದ ಹೊತ್ತಿನಲ್ಲಿ ಆ ಮಾತು ಎಸೆದದ್ದು.

ನಾನು ಅಂಗಡಿಯ ಪಕ್ಷ. ಅತ್ತೆಯ ಮೇಲಿನ ಪ್ರೀತಿಯಿಂದ ಎಂದು ಯಾರೂ ತಪ್ಪು ತಿಳಿಯಬಾರದು. ಅಂಗಡಿ ಮುಚ್ಚಿದರೆ ಅತ್ತೆ ಇಡೀ ದಿನ ಮನೆಯೊಳಗೆ ಇರುತ್ತಾರೆ. ಮನೆಯೊಳಗೆ ಎಂದರೆ ಅಡುಗೆಮನೆಯಲ್ಲಿ. ಅಡುಗೆಮನೆಯಲ್ಲಿ ಎಂದರೆ ನನ್ನ ತಲೆಯ ಮೇಲೆ. ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಕೆಲಸ ಕಿವಿ ಪರೀಕ್ಷೆಯ ಕ್ಲಿನಿಕ್ಕಿನಲ್ಲಿ. ಸಣ್ಣ ಸದ್ದುಗಳನ್ನು ಜನ ಕೇಳುತ್ತಾರೋ ಇಲ್ಲವೋ ಎಂದು ನೋಡುವುದೇ ಹೊಟ್ಟೆಪಾಡು. ಹಾಗಾಗಿ ಲ್ಯಾಪ್‌ಟಾಪಿನ ಹೊಟ್ಟೆಯಿಂದ ಟಿಕ್ ಟಿಕ್ ಕ್ರೀ ಎಂಬ ಸದ್ದು ಶುರುವಾದಾಗ ಮೊದಲು ಕೇಳಿಸಿದ್ದು ನನಗೇ. ಹಾರ್ಡ್ ಡ್ರೈವು ಹಾಗೆ ಸದ್ದು ಮಾಡಿತೆಂದರೆ ಬಹಳ ದಿನವಿಲ್ಲ. ಗಾಬರಿಯಿಂದ ಅತ್ತೆಯ ನಮೂನೆಗಳನ್ನೆಲ್ಲ ಪೆನ್‌ಡ್ರೈವಿಗೆ ತುಂಬಿಟ್ಟೆ. ಹಾಗೇ ಅತ್ತೆಗೂ ಹೇಳಿದೆ. ಅವರು ದಾರ ಪೋಣಿಸುತ್ತಲೇ, ವಯಸ್ಸಾದ ಮೇಲೆ ಮೈಕೈ ಸದ್ದು ಮಾಡುವುದು ಸಹಜ, ನಿಮ್ಮ ಮಾವ ಕುರ್ಚಿಯಿಂದ ಏಳುವಾಗ ಕೇಳಿಲ್ಲವೇ ಎಂದರು.

ಮುಂದಿನ ವಾರ ಒಂದು ಶಾಲೆಯ ಬ್ಯಾಡ್ಜು ಅರ್ಧ ಹೊಲಿಯುವಾಗ ಹಸಿರು ಗುಡ್ಡ ಮಾಯವಾಗಿ ಪರದೆ ಕಪ್ಪಾಯಿತು. ಹಿರಿಯಕ್ಕ ಸೂಜಿ ಎತ್ತಿಕೊಂಡು ನಿಂತುಬಿಟ್ಟಳು. ಮತ್ತೆ ಮತ್ತೆ ಆನ್ ಮಾಡಿದರೂ ಟಿಕ್ ಟಿಕ್ ಕ್ರೀ ಬಿಟ್ಟರೆ ಬೇರೇನಿಲ್ಲ. ಅತ್ತೆ ಹಿರಿಯಕ್ಕನಿಗೆ ಬಟ್ಟೆ ಹೊದಿಸಿ, ಅಂಗಡಿಯ ಶಟರ್ ಎಳೆದು ಒಳಗೆ ಬಂದರು. ಮೈದುನ ಆಗಲೇ ಟೇಪು ಹಿಡಿದು ಶೆಡ್ಡಿನ ಅಗಲ ಅಳೆಯುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

ನಾನು ಕ್ಲಿನಿಕ್ಕಿಗೆ ರಜೆ ಹೇಳಿ ಹೊಸ ಡ್ರೈವ್ ತಂದೆ. ತಿರುಗುವ ತಟ್ಟೆಯಿಲ್ಲದ, ಸದ್ದೇ ಮಾಡದ ಹೊಸ ಬಗೆಯದು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪನ್ನು ಅಂಗಾತ ಮಲಗಿಸಿ, ತಳದ ಸ್ಕ್ರೂಗಳನ್ನು ಒಂದು ಬಟ್ಟಲಿಗೆ ಹಾಕುತ್ತ ಬಿಚ್ಚಿದೆ. ಒಳಗಿನಿಂದ ಬಂದದ್ದು ಬಣ್ಣಬಣ್ಣದ ದಾರದ ಧೂಳು. ಅದನ್ನೆಲ್ಲ ಒಟ್ಟು ಮಾಡಿದ್ದರೆ ಒಂದು ದಿಂಬಿಗೆ ಸಾಕಾಗುತ್ತಿತ್ತು. ಹಳೆಯ ಡ್ರೈವನ್ನು ಪಕ್ಕಕ್ಕೆ ಎಳೆದು ತೆಗೆದು, ಹೊಸದನ್ನು ಅದೇ ಜಾಗಕ್ಕೆ ತಳ್ಳಿದೆ. ಟಕ್ಕೆಂದು ಕೂತಿತು. ನನ್ನ ಗಂಡ ಟಾರ್ಚ್ ಹಿಡಿದು ನಿಂತಿದ್ದರು. ನಾನು ಏನಂದರೂ ಹೌದು, ತಮ್ಮ ಏನಂದರೂ ಹೌದು ಎನ್ನುವ ಮನುಷ್ಯನಿಗೆ ಟಾರ್ಚ್ ಹಿಡಿಯುವ ಕೆಲಸವೇ ಸರಿ.

ಅಷ್ಟಾದ ಮೇಲೆ ಮೈದುನ ಬೆಣ್ಣೆಯಂಥ ದನಿಯಲ್ಲಿ, ಅತ್ತಿಗೆ ದಣಿದಿದ್ದೀರಿ, ಆಪರೇಟಿಂಗ್ ಸಿಸ್ಟಮ್ ನಾನು ಹಾಕಿಡುತ್ತೇನೆ, ನೀವು ಮಲಗಿ ಎಂದ. ನಾನು ನಂಬಿ ಮಲಗಿದೆ. ಎದ್ದು ನೋಡಿದರೆ ಪರದೆಯ ಮೇಲೆ ಗುಡ್ಡವಿಲ್ಲ, ಆಕಾಶವಿಲ್ಲ. ಎಲ್ಲ ಹೊಚ್ಚ ಹೊಸದು, ಥಳಥಳ. ಭಾರ ಹೊರಲಾರದೆ ಲ್ಯಾಪ್‌ಟಾಪು ಮೆಟ್ಟಿಲು ಹತ್ತಿದ ಮಾವನ ಹಾಗೆ ಏದುಸಿರು ಬಿಡುತ್ತಿತ್ತು. ಅತ್ತೆಯ ಪ್ರೋಗ್ರಾಮು ಹಾಕಲು ಹೋದರೆ, ಇದು ಇಲ್ಲಿ ನಡೆಯುವುದಿಲ್ಲ ಎಂದು ಸಭ್ಯವಾಗಿ ಹೇಳಿ ಹೊರದಬ್ಬಿತು.

ಮೈದುನ ಕೈ ಕಟ್ಟಿಕೊಂಡು ತೀರ್ಪು ಕೊಟ್ಟ. ಹಳೆಯ ಡ್ರೈವ್ ಹೋಯಿತು, ಹಳೆಯ ಸಿಸ್ಟಮ್ ಹೋಯಿತು, ಇದು ಬೇರೆಯೇ ಲ್ಯಾಪ್‌ಟಾಪು. ಅಮ್ಮನದು ಸತ್ತುಹೋಗಿದೆ. ಮಾತೆಂದರೆ ಮಾತು.

ಅತ್ತೆ ಅಂಗಡಿಯ ಬೀಗದ ಕೈಯನ್ನು ಸೆರಗಿನ ತುದಿಯಿಂದ ಬಿಚ್ಚಿ ಮೇಜಿನ ಮೇಲಿಟ್ಟರು. ಆ ಬೀಗದ ಕೈ ಅವರ ಸೆರಗಿನಿಂದ ಇಳಿದದ್ದನ್ನು ನಾನು ಈ ಮನೆಗೆ ಬಂದಾಗಿನಿಂದ ನೋಡಿರಲಿಲ್ಲ. ಮೈದುನನ ಕೈಗೆ ಸಿಗದಂತೆ ನಾನು ಅದನ್ನು ಮೇಜಿನ ಈಚೆ ತುದಿಗೆ ಎಳೆದುಕೊಂಡೆ. ಅದು ಅಡುಗೆಮನೆಯ ಚಿಂತೆಯಿಂದಲ್ಲ ಎನ್ನುವುದು ಆಗಲೇ ನನಗೆ ತಿಳಿಯಬೇಕಿತ್ತು.

ಆಗ ಮಾವ ಪೇಪರು ಮಡಿಸಿದರು. ಪೈಜಾಮವನ್ನು ಮೇಲಕ್ಕೆ ಸರಿಸಿ, ಆಪರೇಷನ್ನಿನ ಉದ್ದನೆಯ ಗಾಯದ ಗುರುತಿದ್ದ ಮಂಡಿಯನ್ನು ಮೇಜಿನ ಅಂಚಿಗೆ ಚಾಚಿದರು. ಊಟದ ಮೇಜಿನ ಮೇಲೆ ಬೇಡವೆಂದು ಎಲ್ಲರೂ ಹೇಳುವ ಹೊತ್ತಿಗೆ ಮಂಡಿ ಬಂದಾಗಿತ್ತು.

"ಇದು ನಂದಲ್ಲ. ಯಾವುದೋ ಕಾರ್ಖಾನೇಲಿ ಮಾಡಿದ್ದು," ಎಂದರು ಮಾವ. "ಹಾಗಂತ ನಾನು ಸತ್ತುಹೋದ್ನಾ?"

ಮಂಡಿ ಬೇರೆ, ತಲೆ ಬೇರೆ ಎಂದ ಮೈದುನ. ಹಾರ್ಡ್ ಡ್ರೈವ್ ತಲೆ ಇದ್ದ ಹಾಗೆ.

ಮಾವ ಯೋಚಿಸಿದರು. ಆಮೇಲೆ ಹೇಳಿದರು: "ಆಪರೇಷನ್ ಮುಗಿದು ಎಚ್ಚರ ಆದಾಗ ಡಾಕ್ಟರು ಏನು ಮಾಡಿದ್ರು? ನಿಮ್ಮಮ್ಮನ್ನ ತೋರಿಸಿ, ಇವರ್ಯಾರು ಅಂತ ಕೇಳಿದ್ರು. ನಾನು ಗುರುತು ಹಿಡಿದೆ. ಅದಕ್ಕೇ ಮನೆಗೆ ಕಳಿಸಿದ್ರು. ಇದಕ್ಕೂ ಅದೇ ಪರೀಕ್ಷೆ. ಹಿರಿಯಕ್ಕನ್ನ ಗುರುತು ಹಿಡಿದ್ರೆ ಬದುಕಿದೆ. ಹಿಡೀದಿದ್ರೆ ಸತ್ತಿದೆ. ಭಾನುವಾರದವರೆಗೂ ನೋಡೋಣ."

ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹಳೆಯ ಆಪರೇಟಿಂಗ್ ಸಿಸ್ಟಮಿನ ಸಿಡಿ ಹುಡುಕತೊಡಗಿದೆ. ಲ್ಯಾಪ್‌ಟಾಪಿನ ಜೊತೆಯಲ್ಲೇ ಬಂದ ಸಿಡಿ ಅದು. ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ್ದನ್ನು ಹಾಕಬಹುದಿತ್ತು, ಆದರೆ ಅದಕ್ಕೆ ಯಾವ್ಯಾವ ರೋಗ ಅಂಟಿರುತ್ತದೋ. ಹಿರಿಯಕ್ಕನ ಪ್ರೋಗ್ರಾಮಿನ ಸಿಡಿ ಅವಳದೇ ಡ್ರಾಯರಿನಲ್ಲಿ ಭದ್ರವಾಗಿತ್ತು. ಇದು ಮಾತ್ರ ಅಂಗಡಿಯ ಕಪಾಟಿನಲ್ಲಿ ಉಳಿದ ಸಿಡಿಗಳ ಜೊತೆ ಒಂದು ರಟ್ಟಿನ ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆ ಇತ್ತು. ಒಳಗೆ ಒಂದೂ ಸಿಡಿ ಇರಲಿಲ್ಲ. ಮನೆಯಲ್ಲಿ ಯಾರನ್ನು ಕೇಳಿದರೂ ಗೊತ್ತಿಲ್ಲ.

ಅಷ್ಟರಲ್ಲಿ ಅತ್ತೆಯ ವಿಶ್ರಾಂತಿ ಶುರುವಾಗಿತ್ತು. ಮೊದಲ ದಿನ ಅಡುಗೆಮನೆಯ ಡಬ್ಬಿಗಳೆಲ್ಲ ಜಾಗ ಬದಲಾಯಿಸಿದವು. ಉಪ್ಪಿದ್ದಲ್ಲಿ ಚಹಾಪುಡಿ, ಚಹಾಪುಡಿ ಇದ್ದಲ್ಲಿ ಬೇಳೆ. ಉಪ್ಪು ಎಲ್ಲಿಗೆ ಹೋಯಿತೆಂದು ಕೇಳಿದರೆ, ಎಲ್ಲಿರಬೇಕೋ ಅಲ್ಲಿ ಎಂಬ ಉತ್ತರ. ಮಾವ ಪೇಪರಿನ ಒಂದೇ ಪುಟವನ್ನು ಯಾಕೆ ಅಷ್ಟು ಹೊತ್ತು ಓದುತ್ತಾರೆಂದು ವಿಚಾರಣೆ ನಡೆಯಿತು. ನನ್ನ ಗಂಡ ಸ್ನಾನಕ್ಕೆ ಹೋದರೆ ಬಾಗಿಲು ಬಡಿದು, ಕಿವಿಯ ಹಿಂದೆ ತಿಕ್ಕಿಕೊಂಡೆಯಾ ಎಂದು ಕೇಳಿದರು. ಈ ಪ್ರಶ್ನೆಗೂ ಅವರು ಒಳಗಿನಿಂದ ಹೌದೆಂದರು.

ಆದರೆ ನಿಜವಾದ ಪೆಟ್ಟು ಬಿದ್ದದ್ದು ಮೈದುನನಿಗೆ. ಇಷ್ಟು ಕಾಲ ಅಂಗಡಿಯಲ್ಲಿದ್ದ ಅಮ್ಮನಿಗೆ ಅವನು ಎಷ್ಟು ಹೊತ್ತಿಗೆ ಏಳುತ್ತಾನೆ, ಫೋನಿನಲ್ಲಿ ಯಾರ ಜೊತೆ ನಗುತ್ತಾನೆ, ಯಾವ ಅಂಗಿಯನ್ನು ಒಗೆಯದೆ ಎಷ್ಟು ಸಲ ಹಾಕುತ್ತಾನೆ ಎಂದು ನೋಡಲು ಪುರುಸೊತ್ತಿರಲಿಲ್ಲ. ಈಗ ಸಿಕ್ಕಿತು. ಅವನು ಎಲ್ಲಿ ಕೂತರೂ ಎದುರಿಗೆ ಕುರ್ಚಿ ಹಾಕಿಕೊಂಡು ಕೂತರು. ಏನೂ ಬಯ್ಯಲಿಲ್ಲ, ಸುಮ್ಮನೆ ನೋಡಿದರು. ಮೂರನೆಯ ದಿನ ಅವನು ತನ್ನ ಕಾರಿನೊಳಗೆ ಕೂತು ಊಟ ಮಾಡುತ್ತಿದ್ದ. ಅತ್ತೆ ಹೋಗಿ ಪಕ್ಕದ ಸೀಟಿನಲ್ಲಿ ಕೂತರು.

ಆ ಸಂಜೆ ಅವನು ನನ್ನ ಹತ್ತಿರ ಬಂದ. ನೆಲ ನೋಡುತ್ತ ನಿಂತ.

"ಅತ್ತಿಗೆ, ಆ ಸಿಡಿ ಸಿಕ್ಕಿದ್ರೆ ಎಲ್ಲಾ ಸರಿಹೋಗುತ್ತಾ?"

"ಹೋಗಬಹುದು. ಎಲ್ಲಿದೆ ಅಂತ ಗೊತ್ತಿರೋರ ಥರ ಕೇಳ್ತಿದ್ದೀಯಲ್ಲ."

ಅವನು ಬೀದಿಯ ಕಡೆ ಕೈ ತೋರಿಸಿದ.

ಮರವನ್ನು ನಾನು ದಿನಾ ನೋಡುತ್ತೇನೆ. ಆದರೆ ಕತ್ತೆತ್ತಿ ನೋಡಿರಲಿಲ್ಲ. ಕಾರಿನ ನೇರಕ್ಕೆ, ಕೊಂಬೆ ಕೊಂಬೆಗೂ ದಾರ ಕಟ್ಟಿ ಸಿಡಿಗಳು ತೂಗಾಡುತ್ತಿದ್ದವು. ಫಳಫಳ ಹೊಳೆದರೆ ಹಕ್ಕಿಗಳು ಹತ್ತಿರ ಬರುವುದಿಲ್ಲವೆಂದು ಯಾರೋ ಹೇಳಿದ್ದರಂತೆ. ಕಪಾಟಿನ ಪೆಟ್ಟಿಗೆ ಪೂರ್ತಿ ಬರಿದು ಮಾಡಿ ಅಲ್ಲಿ ಕಟ್ಟಿದ್ದ, ದಾರವೂ ಅತ್ತೆಯ ರೇಷ್ಮೆ ದಾರವೇ. ಹಕ್ಕಿಗಳಿಗೇನೂ ಅನ್ನಿಸಿದ ಹಾಗಿರಲಿಲ್ಲ. ಕೆಲವು ಕನ್ನಡಿ ನೋಡಿಕೊಳ್ಳಲೆಂದೇ ಬರುತ್ತಿದ್ದವೇನೋ.

ಮರ ಹತ್ತು ಎಂದೆ. ಆಫೀಸಿನ ಪ್ಯಾಂಟಿನಲ್ಲೇ ಹತ್ತಿದ. ನಾನು ಕೆಳಗೆ ನಿಂತು, ಒಂದೊಂದಾಗಿ ಇಳಿಸಿದ್ದನ್ನು ಸೀರೆಯಲ್ಲಿ ಒರೆಸಿ ಓದುತ್ತಿದ್ದೆ. ಕಾರು ಓಡಿಸುವ ಆಟ, ಟೈಪಿಂಗ್ ಕಲಿಸುವ ಪಾಠ, ಯಾವುದೋ ಪ್ರಿಂಟರಿನದು. ಅದರಾಚೆಗೆ ಒಂದು, ನಮ್ಮ ಮದುವೆಯ ವಿಡಿಯೊ. ಇದರಿಂದಲೂ ಹಕ್ಕಿ ಹೆದರಲಿಲ್ಲವೇ ಎಂದು ಪಕ್ಕಕ್ಕೆ ಬಂದು ನಿಂತಿದ್ದ ನನ್ನ ಗಂಡ ಕೇಳಿದರು. ಇಷ್ಟು ವರ್ಷದಲ್ಲಿ ಅವರು ಹೌದು ಬಿಟ್ಟು ಬೇರೆ ಆಡಿದ ಮೊದಲ ಮಾತು ಅದು, ಆದ್ದರಿಂದ ಕ್ಷಮಿಸಿದೆ.

ಬೇಕಾದ್ದು ಸಿಕ್ಕಿದ್ದು ತುತ್ತತುದಿಯ ಕೊಂಬೆಯಲ್ಲಿ. ಒಂದು ಕಡೆ ಹಕ್ಕಿಯ ಕಾಣಿಕೆ ಒಣಗಿ ಗಟ್ಟಿಯಾಗಿತ್ತು. ಪಾತ್ರೆ ತೊಳೆಯುವ ಸೋಪಿನಿಂದ ಉಗುರು ತಾಗದಂತೆ ತೊಳೆದು, ಕನ್ನಡಕ ಒರೆಸುವ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿದೆ. ಎರಡು ಗೀರು ಇದ್ದವು. ಲ್ಯಾಪ್‌ಟಾಪಿನ ಬಾಯಿಗೆ ಹಾಕಿ, ಮನೆಯವರೆಲ್ಲ ಸುತ್ತ ನಿಂತೆವು. ಅದು ಅಗಿಯಿತು, ಗುರುಗುಟ್ಟಿತು, ಕಡೆಗೆ ನುಂಗಿತು. ಪರದೆ ನೀಲಿಯಾಗಿ ಅಕ್ಷರಗಳು ಮೂಡಿದವು.

ಮೂಡಿದ ಅಕ್ಷರ ಹೇಳಿದ್ದೇನೆಂದರೆ, ನಿಮ್ಮ ಲ್ಯಾಪ್‌ಟಾಪಿನಲ್ಲಿ ಡ್ರೈವೇ ಇಲ್ಲ.

ನನ್ನ ಕೈಯಾರೆ ಕೂರಿಸಿದ ಡ್ರೈವು ಇಲ್ಲವೆಂದರೆ ಹೇಗಾಗಬೇಡ. ಫೋನಿನಲ್ಲಿ ಹುಡುಕಿ ಓದಿದ ಮೇಲೆ ಗೊತ್ತಾಯಿತು. ಹೊಸ ರೀತಿಯಲ್ಲಿ ಮಾತಾಡುವ ಡ್ರೈವು ಹಳೆಯ ಸಿಸ್ಟಮಿಗೆ ಕಾಣಿಸುವುದೇ ಇಲ್ಲವಂತೆ. ಲ್ಯಾಪ್‌ಟಾಪು ಆನ್ ಆಗುತ್ತಿದ್ದಂತೆ ಒಂದು ಗುಂಡಿ ಒತ್ತಿ ಸೆಟ್ಟಿಂಗಿಗೆ ಹೋಗಿ, ಡ್ರೈವು ಹಳೆಯ ಪದ್ಧತಿಯಲ್ಲಿ ಮಾತಾಡಲಿ ಎಂದು ಬದಲಾಯಿಸಬೇಕು. ಈ ಮನೆಗೆ ಸೊಸೆಯಾಗಿ ಬಂದಾಗ ನನಗೂ ಹೀಗೇ ಮಾಡಿದ್ದರು ಎಂದು ಗಂಡನಿಗೆ ಹೇಳಿದೆ. ಹೌದು ಎಂದರು.

ಮರುದಿನ ಬದಲಾಯಿಸಿದ ಮೇಲೆ ಡ್ರೈವು ಕಂಡಿತು. ಮೈದುನ ಹಾಕಿದ್ದ ಥಳಥಳವನ್ನೆಲ್ಲ ಅಳಿಸಿದೆ, ಅದರಲ್ಲಿ ನನಗೆ ಸಿಕ್ಕ ಸುಖ ಸಣ್ಣದಲ್ಲ. ಹಳೆಯ ಸಿಸ್ಟಮು ತನ್ನ ಪಾಡಿಗೆ ಕೂರತೊಡಗಿತು. ಇನ್ನು ಇಷ್ಟು ನಿಮಿಷ ಎಂದು ಬರೆದುಕೊಂಡು, ಆ ನಿಮಿಷದಲ್ಲೇ ಅರ್ಧ ಮಧ್ಯಾಹ್ನ ಕಳೆಯಿತು. ಅತ್ತೆ ಬಾಗಿಲ ಹತ್ತಿರ ಸ್ಟೂಲು ಹಾಕಿಕೊಂಡು ಬಟಾಣಿ ಸುಲಿಯುತ್ತಿದ್ದರು, ಈ ಕಡೆ ಕಣ್ಣು ಕೂಡ ಹಾಯಿಸದೆ. ಸುಲಿದ ಬಟಾಣಿ ಸಿಪ್ಪೆಯ ಬುಟ್ಟಿಗೆ, ಸಿಪ್ಪೆ ಬಟಾಣಿಯ ಪಾತ್ರೆಗೆ ಬೀಳುತ್ತಿತ್ತು.

ಆಗ ಪರದೆ ಕೀ ಕೇಳಿತು. ಈ ಸಿಸ್ಟಮ್ ನಿಮ್ಮದೇ ಎಂಬುದಕ್ಕೆ ಐದೈದು ಅಕ್ಷರಗಳ ಐದು ಗುಂಪು. ಅದು ಲ್ಯಾಪ್‌ಟಾಪಿನ ತಳದ ಚೀಟಿಯಲ್ಲಿರುತ್ತದೆ. ಮಗುಚಿ ನೋಡಿದರೆ, ಕತ್ತರಿಸುವ ಮೇಜಿನ ಮೇಲೆ ವರ್ಷಗಟ್ಟಲೆ ಆಚೀಚೆ ಎಳೆದಾಡಿ ಚೀಟಿ ಬೆಳ್ಳಗೆ ಬೋಳಾಗಿತ್ತು. ಭೂತಗನ್ನಡಿಯಿಟ್ಟು ನೋಡಿದರೂ ಒಂದಕ್ಷರ ಇಲ್ಲ.

"ಅತ್ತಿಗೆ, ಈಗ?" ಎಂದ ಮೈದುನ. ಅವನ ದನಿಯಲ್ಲಿ ನಿಜವಾದ ಭಯವಿತ್ತು. ನನ್ನ ಕೈಯೂ ಕೆಳಗಿಳಿಯಿತು. ನಾಳೆ ಭಾನುವಾರ. ನಾನು ಸೋತೆ ಎನ್ನಿಸಿತು.

ಅತ್ತೆ ಎದ್ದರು. ಮಡಿಲಿನಲ್ಲಿದ್ದ ಬಟಾಣಿ ಉರುಳಿದ್ದನ್ನೂ ನೋಡಲಿಲ್ಲ. ಮೇಜಿನ ಮೇಲಿದ್ದ ಬೀಗದ ಕೈ ತೆಗೆದುಕೊಂಡು ಅಂಗಡಿಯ ಶಟರ್ ಎತ್ತಿದರು. ನಾನು ಲ್ಯಾಪ್‌ಟಾಪು ಎತ್ತಿಕೊಂಡು ಹಿಂದೆಯೇ ಓಡಿದೆ. ಅವರು ಹಿರಿಯಕ್ಕನಿಗೆ ಹೊದಿಸಿದ್ದ ಬಟ್ಟೆಯ ಅಂಚನ್ನು ಮಗುಚಿ ನನ್ನ ಕಡೆ ಹಿಡಿದರು.

"ಓದ್ಕೋ."

ಆ ಅಂಚಿನ ಕೆಂಪು ಕಸೂತಿಯನ್ನು ನಾನು ಎಷ್ಟೋ ಸಲ ನೋಡಿದ್ದೆ, ಯಾವುದೋ ಅಲಂಕಾರ ಎಂದುಕೊಂಡಿದ್ದೆ. ಅದು ಅಲಂಕಾರವಲ್ಲ, ಕೀ. ಐದು ಅಕ್ಷರ, ಒಂದು ಹಳದಿ ಹೂವು. ಮತ್ತೆ ಐದು ಅಕ್ಷರ, ಮತ್ತೊಂದು ಹೂವು. ನಡುವಿನ ಗೆರೆಗಳ ಜಾಗದಲ್ಲೆಲ್ಲ ಹೂವು. ಲ್ಯಾಪ್‌ಟಾಪು ತಂದುಕೊಟ್ಟವನು ಆಗ, ಈ ನಂಬರು ಕಳೆದರೆ ಎಲ್ಲ ಹೋಯಿತು, ಬರೆದಿಟ್ಟುಕೊಳ್ಳಿ ಎಂದು ಹೆದರಿಸಿದ್ದನಂತೆ. ಈ ಮನೆಯಲ್ಲಿ ಕಾಗದಕ್ಕೆ ಬರೆದದ್ದು ನಿಮ್ಮ ಮಾವನ ಕಿವಿ ಕೆರೆಯಲು ಹೋಗುತ್ತದೆ, ಅದಕ್ಕೇ ಹೊಲಿದಿಟ್ಟೆ ಎಂದರು ಅತ್ತೆ. ಹಿರಿಯಕ್ಕ ಹೊಲಿದ ಮೊಟ್ಟಮೊದಲ ಕೆಲಸವೇ ಅದಂತೆ.

ಇಷ್ಟು ದಿನ ಬಾಯಿ ಬಿಡದೆ ಕೂತದ್ದಕ್ಕೆ ಸಿಟ್ಟು ಬಂತು, ಕೇಳಿಯೂ ಬಿಟ್ಟೆ. ಅತ್ತೆ ಬೇರೆ ಕಡೆ ನೋಡುತ್ತ, "ಮುಚ್ತೀನಿ ಅಂದವಳು ನಾನು. ಉಳಿಸಿ ಅಂತ ನಾನೇ ಹೇಗೆ ಕೇಳ್ಲಿ?" ಎಂದರು. ದನಿ ಸ್ವಲ್ಪ ನಡುಗಿತು. ಆ ದನಿಯನ್ನು ಪರೀಕ್ಷೆ ಮಾಡಲು ಯಾವ ಕ್ಲಿನಿಕ್ಕೂ ಬೇಕಾಗಿರಲಿಲ್ಲ.

ಆ ಅಕ್ಷರಗಳನ್ನೆಲ್ಲ ಒತ್ತಿದೆ. ಹಸಿರು ಗುಡ್ಡ ಬಂತು, ನೀಲಿ ಆಕಾಶ ಬಂತು. ಪ್ರೋಗ್ರಾಮು ಹಾಕಿ, ಪೆನ್‌ಡ್ರೈವಿನಿಂದ ನಮೂನೆಗಳನ್ನು ಸುರಿದು, ಹಿರಿಯಕ್ಕನ ಕೇಬಲ್ಲು ಚುಚ್ಚಿದೆ. ಎರಡೂ ಸ್ವಲ್ಪ ಹೊತ್ತು ಸುಮ್ಮನಿದ್ದವು. ಆಮೇಲೆ ಎತ್ತಿದ ಸೂಜಿ ಕೆಳಗಿಳಿದು, ಅರ್ಧಕ್ಕೆ ನಿಂತಿದ್ದ ಶಾಲೆಯ ಬ್ಯಾಡ್ಜಿನ ಮೇಲೆ ದಡದಡನೆ ಹೊಲಿಯತೊಡಗಿತು. ನೆಲ ಅದುರಿತು. ಮಾವ ಕೋಲೂರಿಕೊಂಡು ಬಂದು, ಬಾಗಿಲಲ್ಲೇ ನಿಂತು ಸದ್ದು ಕೇಳಿ, ಗುರುತು ಹಿಡಿಯಿತು, ಬದುಕಿದೆ ಎಂದು ತೀರ್ಪು ಕೊಟ್ಟು ನಿದ್ದೆಗೆ ಹೋದರು. ಮೈದುನ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಅವನ ಕಾರು ಇವತ್ತಿಗೂ ಮರದ ಕೆಳಗೇ ಇದೆ. ಸಿಡಿ ಇಳಿಸಿದ ಕೊಂಬೆಗೆ ಮಾವ ಹಳೆಯ ಹಾರ್ಡ್ ಡ್ರೈವನ್ನು ಬಿಚ್ಚಿ ಅದರೊಳಗಿನ ಹೊಳೆಯುವ ತಟ್ಟೆ ಕಟ್ಟಿಸಿದ್ದಾರೆ. ಹಕ್ಕಿಗಳಿಗೆ ಅದೂ ಇಷ್ಟವಾಗಿದೆ.

ಎಲ್ಲರೂ ಹೋದ ಮೇಲೆ ಅಂಗಡಿಯಲ್ಲಿ ನಾವಿಬ್ಬರೇ ಉಳಿದೆವು. ಅತ್ತೆ ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತ ಕೇಳಿದರು.

"ನಾನು ಇಡೀ ದಿನ ಮನೇಲಿರ್ತೀನಿ ಅಂತ ಹೆದರಿ ತಾನೇ ಇಷ್ಟೆಲ್ಲಾ ಮಾಡಿದ್ದು?"

ಸುಳ್ಳು ಹೇಳಿದರೆ ಗೊತ್ತಾಗುತ್ತಿತ್ತು. "ಹೌದು ಅತ್ತೆ," ಎಂದೆ.

"ನಂಗೂ ಅದೇ ಹೆದರಿಕೆ ಇತ್ತು," ಎಂದರು ಅತ್ತೆ.

ಅಷ್ಟು ಹೇಳಿ ದಾರದ ಬಣ್ಣ ಬದಲಾಯಿಸಲು ಬಗ್ಗಿದರು. ನಾನು ಒಳಗೆ ಹೋಗಿ ಡಬ್ಬಿಗಳನ್ನೆಲ್ಲ ಹಳೆಯ ಜಾಗಕ್ಕೆ ಇಟ್ಟೆ. ಉಪ್ಪಿನದನ್ನು ಮಾತ್ರ ಅವರು ಇಟ್ಟಲ್ಲೇ ಬಿಟ್ಟೆ. ಅದು ಅಲ್ಲಿದ್ದರೇ ಕೈಗೆ ಹತ್ತಿರ.